ಕೌದಿ ತೋಟದ ತಗ್ಗು

ಬೇಕರಿ ಮುಂದಿನ ಸಾಲಿನಲ್ಲಿ ಲೊರೀನ್ ತಲೆ ತಗ್ಗಿಸಿ ನಿಂತಿದ್ದಳು. ಅವಳ ಮುಂದೆಯೇ ಆರ್ಫಾ ಮತ್ತು ಆಕೆಯ ನಾದಿನಿ ವರ್ಡಾ; ಅವರ ಮಾತೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ರಸ್ತೆಯಾಚೆ, ಊರವರು ಕೌದಿಯ ಚಿತ್ತಾರದಲ್ಲಿ ನೆಟ್ಟ ಹೂದೋಟವನ್ನು ಪ್ರವಾಸಿಗರು ಅಟ್ಟಣೆ ಹತ್ತಿ ನೋಡುತ್ತಿದ್ದರು. ನಡುವಿನ ನಕ್ಷತ್ರದಲ್ಲಿ ಚೆಂಡುಹೂವಿನ ಗಿಡಗಳು ಅಪ್ಪಚ್ಚಿಯಾಗಿದ್ದವು.

“ಫ್ರೀಮನ್ ತಾತನ ನಾಯಿ ಮಲಗಿ ಹೀಗಾಯ್ತಂತೆ, ಅತ್ತಿಗೆ. ತೋಟ ನೋಡ್ಕೊಳ್ಳೋ ಡೆಲ್ಬರ್ಟ್ ಇವತ್ತೇ ಅದನ್ನ ಊರು ಬಿಡಿಸ್ತಾರಂತೆ.”

“ನಾಯಿ ಅಲ್ಲ ಕಣೇ, ನಾನು.”

“ನೀವು ಅಲ್ಲಿ ಮಲಗಿದ್ರಾ?”

“ಬಿದ್ದೆ. ಕಳೆ ಕೀಳ್ತಾ ಹಿಂದೆ ಸರೀತಿದ್ದೆ, ಕಾಲು ಜಾರ್ತು. ಬಿದ್ದಿದ್ದಂತೂ ಆಯ್ತು ಅಂತ ಅಲ್ಲೇ ಸ್ವಲ್ಪ ಸುಧಾರಿಸ್ಕೊಂಡೆ.”

“ಆಗ್ಲೇ ಹೇಳಬಾರದಿತ್ತಾ?”

“ಏನಂತ ಹೇಳ್ಲಿ? ಫೋಟೊ ತೆಗೆಸ್ಕೊಳ್ಳೋದು ನಮ್ಮ ಪಂಥದಲ್ಲಿ ತಪ್ಪು ಅಂತ ಜೀವಮಾನವೆಲ್ಲ ಮುಖ ತಿರುಗಿಸ್ಕೊಂಡು ಬದುಕಿದೆ. ಈಗ ನೋಡು, ಅಟ್ಟಣೆ ಹತ್ತಿದವರೆಲ್ಲ ನನ್ನ ಕುಂಡಿ ಅಚ್ಚಿನ ಫೋಟೊ ತೆಗೀತಿದ್ದಾರೆ.”

ವರ್ಡಾ ನಗು ತಡೆಯಲಾರದೆ ಏಪ್ರನ್ನಿನ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. ಹಿಂದೆ ನಿಂತಿದ್ದ ಲೊರೀನ್ ಕೇಳಿಸದವಳಂತೆ ತನ್ನ ಬುಟ್ಟಿಯನ್ನೇ ನೋಡಿದಳು.

“ಸುಮ್ನಿದ್ಬಿಡಿ ಅತ್ತಿಗೆ. ನಾಯಿ ಬಂದು ಸಾಕ್ಷಿ ಹೇಳತ್ತಾ?”

“ತಾತ ಮಾತಾಡೋದು ಅದರ ಹತ್ರ ಮಾತ್ರ. ಅದೂ ಹೋದ್ರೆ? ಅಲ್ಲದೆ ಅಷ್ಟಗಲದ ನಾಯಿ ಈ ಊರಲ್ಲಿ ಎಲ್ಲಿದೆ?”

“ಡೆಲ್ಬರ್ಟ್ ನಂಬದಿದ್ರೆ?”

“ಇನ್ನೊಂದ್ಸಲ ಕೂತು ತೋರಿಸ್ತೀನಿ. ನೀನೂ ಬಾ, ಎಬ್ಬಿಸೋಕೆ ಒಬ್ಬರು ಬೇಕು.”

ಇಬ್ಬರೂ ಸಾಲು ಬಿಟ್ಟು, ರಸ್ತೆ ದಾಟಿ ತೋಟದ ಕಡೆ ನಡೆದರು.