ಮುಂಗಡ ತಪ್ಪೂಟ

ಗದ್ದಲ ಬೇಡ. ಬೆನ್ನು ನೆಟ್ಟಗೆ ಮಾಡಿ ಕೂತು ಕೇಳಿ. ಒಂದಾನೊಂದು ಕಾಲ, ಒಂದಾನೊಂದು ಸೀಮೆ. ಹೆಸರು ಕೇಳಬೇಡಿ, ಊರು ಅಳಿದರೂ ಕತೆ ಅಳಿಯುವುದಿಲ್ಲ.

ಆ ಸೀಮೆಯಲ್ಲಿ ನೇಕಾರರದೊಂದು ಊರು. ಎಲ್ಲಿ ನೋಡಿದರೂ ಏರು, ಎಲ್ಲಿ ನೋಡಿದರೂ ತಗ್ಗು. ನೂಲನ್ನು ಉದ್ದಕ್ಕೆ ಎಳೆದು ಹಾಸು ಹಾಕಲು ಮಟ್ಟಸವಾದ ಜಾಗ ಎಲ್ಲಿದೆ? ಒಣಗಿದ ಹಳ್ಳದ ಮರಳಿನಲ್ಲಿ! ಬೇಸಿಗೆ ಬಂತೆಂದರೆ ಊರಿಗೆ ಊರೇ ಹಳ್ಳಕ್ಕಿಳಿದು, ಗೂಟ ನೆಟ್ಟು, ನೂಲು ಎಳೆದು, ಗಂಜಿ ಹಚ್ಚುತ್ತಿತ್ತು. ಗಂಜಿ ಹಚ್ಚಿದ ಹಾಸನ್ನು ನಡುವೆ ಬಿಟ್ಟು ಎದ್ದರೆ ಎಳೆಗೆ ಎಳೆ ಅಂಟಿ ಹಾಳು. ಅದಕ್ಕೇ ಒಂದು ಕಟ್ಟಳೆ: ಸುಳ್ಳು ಕೂಗಿ ಹಾಸು ಬಿಡಿಸಿದವರು ಊರಿಗೆಲ್ಲ ಊಟ ಹಾಕಬೇಕು. ಅದರ ಹೆಸರು ತಪ್ಪೂಟ. ತಪ್ಪೂಟದ ಕರೆ ಬಂದರೆ ಹಸಿವಿರಲಿ, ಬಿಡಲಿ, ಎಲ್ಲರೂ ಏಳಬೇಕು. ಎಲೆಯ ಮುಂದೆ ಕೂರದವನು ಕುಲದ ಹೊರಗೆ.

ಊರ ಮೇಲಿನ ದಿಬ್ಬದಲ್ಲಿ ನೀಲಗಂಗವ್ವ ಎಂಬ ವಿಧವೆ. ಸೆರಗು ಜಾರದು, ಮಾತು ಜಾರದು. ಅವಳ ಗಂಡನನ್ನು ಹಳ್ಳ ಒಯ್ದಿತ್ತು. ಹೇಗೆ? ಆ ದಿನ ತಲೆಯ ಮೇಲೆ ಸುಡು ಬಿಸಿಲು, ಕಾಲ ಕೆಳಗೆ ಒಣ ಮರಳು. ಮಳೆ ಸುರಿದದ್ದು ದೂರದ ಗುಡ್ಡದಲ್ಲಿ. ಒಂದು ಹನಿ ಬೀಳದ ಊರಿಗೆ ಆಳುದ್ದ ನೀರು ಬಂತು. ಅಂದಿನಿಂದ ಅವಳ ಕಣ್ಣು ಗುಡ್ಡದ ಮೇಲೆಯೇ. ಓಡುವ ಮೋಡಕ್ಕೆ ಅಂಜಬೇಡ, ನಿಂತ ಮೋಡವನ್ನು ನಂಬಬೇಡ ಎನ್ನುವಳು.

ಮೊದಲ ಸಲ ಕೂಗಿದಳು: "ಮೋಡ ನಿಂತಿದೆ, ಮೇಲೆ ಬನ್ನಿ!" ಜನ ಓಡಿದರು. ಮಳೆ ಗುಡ್ಡದ ಆಚೆ ಸುರಿಯಿತು. ತಪ್ಪೂಟಕ್ಕೆ ಅವಳ ಆಕಳು ಹೋಯಿತು. ಎರಡನೆಯ ಸಲವೂ ಕೂಗಿದಳು. ಮತ್ತೆ ಮಳೆ ಆಚೆಗೇ. ತಪ್ಪೂಟಕ್ಕೆ ಮಗ್ಗ ಹೋಯಿತು.

ಯಜಮಾನ ಬೊಮ್ಮಯ್ಯ ಬಾಯಿ ಒರೆಸಿಕೊಳ್ಳುತ್ತ ನಕ್ಕ. "ನೀಲಗಂಗವ್ವ, ಹುಗ್ಗಿಗೆ ತುಪ್ಪ ಸಾಲದು ನೋಡು."

"ಮೋಡ ನಿಂತಿತ್ತೋ ಇಲ್ಲವೋ, ಯಜಮಾನರೇ?"

"ನಿಂತಿತ್ತು."

"ಮಳೆ ಸುರಿಯಿತೋ ಇಲ್ಲವೋ?"

"ಸುರಿಯಿತು. ಆಚೆಗೆ!"

"ಕೊಡ ತುಂಬಿದೆ ಎಂದು ನಾನು ಹೇಳಬಲ್ಲೆ. ಯಾವ ಕಡೆ ವಾಲುತ್ತದೆ ಎಂದು ಕೊಡವನ್ನೇ ಕೇಳಿ."

"ಹಾಗಾದರೆ ಬಾಯಿ ಮುಚ್ಚಿಕೊಂಡಿರು. ಇನ್ನೊಮ್ಮೆ ಕೂಗಿದರೆ ಒಬ್ಬರೂ ಏಳುವುದಿಲ್ಲ."

ಬಾಯಿ ಮುಚ್ಚಿದಳೇ? ಕೇಳಿ.

ಮೂರನೆಯ ಬೇಸಿಗೆ. ಬೆಳಗಿನಿಂದಲೇ ಗಾಳಿ ಸತ್ತಿತ್ತು. ಮಡಕೆಯೊಳಗಿನ ಉಪ್ಪು ಬೆವರಿತ್ತು. ಹಳ್ಳಕ್ಕೆ ಹೊರಟಿದ್ದ ಬಸುರಿ ಮಗಳು ಹೊನ್ನವ್ವನನ್ನು ನೀಲಗಂಗವ್ವ ತಡೆದಳು.

"ಇವತ್ತು ಇಳಿಯಬೇಡ."

"ನಾನೊಬ್ಬಳೇ ಹೇಗೆ ಉಳಿಯಲಿ ಅವ್ವ? ಜನ ನಗುತ್ತಾರೆ."

"ನೀರು ಬಂದರೆ ನಕ್ಕವರು ಹೊತ್ತು ತರುತ್ತಾರೇನೇ?"

ಮಗಳು ಇಳಿದೇ ಹೋದಳು. ನೀಲಗಂಗವ್ವ ಕೂಗಲಿಲ್ಲ, ಅಳಲಿಲ್ಲ. ಮಗಳ ಸೀಮಂತದ ಕುಬಸಕ್ಕೆಂದು ಎತ್ತಿಟ್ಟಿದ್ದ ಗೋಧಿ, ಬೆಲ್ಲ ಹೊರತೆಗೆದಳು. ಒಲೆ ಹೂಡಿ, ಕೊಪ್ಪರಿಗೆ ಏರಿಸಿದಳು. ಮಧ್ಯಾಹ್ನಕ್ಕೆ ಹುಗ್ಗಿ ಬೆಂದಿತು. ಗುಡ್ಡದ ಹಿಂದೆ ಮೋಡ ಎದ್ದಿತು. ಕಮ್ಮಾರನ ಅಡಿಗಲ್ಲಿನಂತೆ ತಲೆ ಅಗಲಿಸಿ ನಿಂತಿತು, ಕದಲಲಿಲ್ಲ.

ಆಗ ಅವಳು ತಟ್ಟೆಗೆ ಸೌಟು ಬಡಿದಳು. "ತಪ್ಪೂಟಕ್ಕೆ ಏಳಿ!"

ಹಳ್ಳದಿಂದ ಬೊಮ್ಮಯ್ಯ ಕಿರುಚಿದ. "ಎಂಥ ತಪ್ಪೂಟ? ತಪ್ಪೇ ಆಗಿಲ್ಲವಲ್ಲ!"

"ಇವತ್ತು ಆಗಬಹುದು. ದಂಡ ಮುಂಗಡ ಕಟ್ಟುತ್ತಿದ್ದೇನೆ."

"ಎಲ್ಲಾದರೂ ಉಂಟೇ?"

"ಕೂಡದು ಎಂಬ ಕಟ್ಟಳೆ ಎಲ್ಲಿದೆ? ಹೇಳಿ!"

ಬೊಮ್ಮಯ್ಯ ತಲೆ ಕೆರೆದುಕೊಂಡ. ಇರಲಿಲ್ಲ.

"ಹಾಗಾದರೆ ಏಳಿ! ಕೂಸು, ಮುದುಕರು, ಬಸುರಿ, ಬಾಣಂತಿ, ಒಬ್ಬರೂ ಉಳಿಯಕೂಡದು. ಎಲೆ ಖಾಲಿ ಬಿಟ್ಟವರು ಕುಲದ ಹೊರಗೆ. ನೀವೂ ಸೇರಿ, ಯಜಮಾನರೇ!"

ಎದ್ದರು. ಕುಲಕ್ಕೆ ಅಂಜಿ ಕೆಲವರು, ಹುಗ್ಗಿಯ ಆಸೆಗೆ ಕೆಲವರು, ಗೇಲಿ ಮಾಡಲು ಉಳಿದವರು. ಹೊನ್ನವ್ವ ಏದುಸಿರು ಬಿಡುತ್ತ ಬಂದಳು. ಮೊದಲ ಸೌಟಿಗೆ ಬೈದರು. ಎರಡನೆಯ ಸೌಟಿಗೆ ನಕ್ಕರು. ಮೂರನೆಯ ಸೌಟು ಎತ್ತುವಾಗ ನೆಲ ನಡುಗಿತು.

ಕೆಂಪು ನೀರು ಗೋಡೆಯಾಗಿ ಬಂತು. ಮರಗಳು ಉರುಳಿ ಬಂದವು. ಗೂಟ ಹೋಯಿತು, ನೂಲು ಹೋಯಿತು, ಗಂಜಿಯ ಹಂಡೆ ತೇಲಿ ಹೋಯಿತು. ದಿಬ್ಬದ ಮೇಲೆ, ಉಣ್ಣುವವರ ಎಲೆಗಳ ಮೇಲೆ, ಇನ್ನೂ ಬಿಸಿಲಿತ್ತು.

ಬೊಮ್ಮಯ್ಯ ಎತ್ತಿದ ತುತ್ತನ್ನು ಎಲೆಗೆ ಇಳಿಸಿದ. "ತಾಯಿ, ನಿನ್ನ ದಂಡ ಹಿಂದಿರುಗಿಸುತ್ತೇವೆ."

"ಉಂಡದ್ದನ್ನು ಕಕ್ಕಿ ಕೊಡುತ್ತೀರೇನು? ಬೇಡ. ದಂಡ ಕಟ್ಟಿದ್ದೇನೆ, ತಪ್ಪು ಮಾಡಿಲ್ಲ. ನನ್ನದೊಂದು ತಪ್ಪು ನಿಮ್ಮಲ್ಲಿ ಬಾಕಿ ಇರಲಿ."

ಮರು ಬೇಸಿಗೆ ಮತ್ತೆ ಮೋಡ ನಿಂತಿತು. ನೀಲಗಂಗವ್ವ ಕೂಗಿದಳು. ಊರೆಲ್ಲ ಮೇಲೆ ಬಂತು. ಹೊನ್ನವ್ವನ ಸೊಂಟದಲ್ಲಿ ಕೂಸಿತ್ತು. ಮಳೆ? ಗುಡ್ಡದ ಆಚೆ ಸುರಿಯಿತು! ಹಾಸು ಹಾಳಾಯಿತು. ಎಲ್ಲರೂ ಬೊಮ್ಮಯ್ಯನ ಮುಖ ನೋಡಿದರು.

ಅವಳು ಸೌಟು ಎತ್ತಿ ಹಿಡಿದಳು. "ಬಾಕಿ ಇದ್ದ ತಪ್ಪು ಇದೇ. ತೀರಿತು."

"ಇನ್ನು ಮುಂದೆ?" ಬೊಮ್ಮಯ್ಯ ಕೇಳಿದ.

"ಮುಂದೆಯೂ ಕೂಗುತ್ತೇನೆ. ಸುಳ್ಳಾದರೆ ನೂಲಿಗಾಗಿ ನೀವು ಅಳುತ್ತೀರಿ. ಕೂಗದಿದ್ದರೆ ನಿಮಗಾಗಿ ನೂಲು ಅಳುತ್ತದೆಯೇ?"

ಬೊಮ್ಮಯ್ಯ ತಾನೇ ಹೋಗಿ ಕೊಪ್ಪರಿಗೆ ಹೊತ್ತು ತಂದ. "ಒಲೆ ಹೊತ್ತಿಸಿ. ಇವತ್ತಿನ ಊಟ ಊರಿನದು. ಮೊದಲ ಸೌಟು ನೀಲಗಂಗವ್ವನಿಗೆ."

ಅವಳು ಒಂದು ತುತ್ತು ಉಂಡು ನೋಡಿದಳು. "ತುಪ್ಪ ಸಾಲದು, ಯಜಮಾನರೇ."

ಅವಳು ದಿಬ್ಬದಲ್ಲಿ ಕೂತಳು, ನಾನು ಇಲ್ಲಿಂದ ಎದ್ದೆ. ಹುಗ್ಗಿ ಅವರಿಗೆ, ಕತೆ ನಿಮಗೆ.