ಕಿರುಚಾಟಕ್ಕೆ ಅರ್ಥ

ರಾಮನಗರದ ಬಸ್ ನಿಲ್ದಾಣದಲ್ಲಿ ಮಾಗಡಿ ಬಸ್ಸಿಗೆ ಕಾಯುತ್ತಿದ್ದ ಮಮತಾಳ ಪಕ್ಕದಲ್ಲೇ ಇಬ್ಬರು ಹುಡುಗರು ಬಂದು ಕೂತರು. ಇಬ್ಬರ ಮೈಮೇಲೂ ಬಿಡದಿಯ ಯಾವುದೋ ಹೊಸ ಕಾರ್ಖಾನೆಯ ಸಮವಸ್ತ್ರವಿತ್ತು. ಒಬ್ಬನ ಇಯರ್‌ಫೋನಿನಿಂದ ಹೊರಬೀಳುತ್ತಿದ್ದ ಕೂಗು ಅವಳಿಗೂ ಕೇಳಿಸುತ್ತಿತ್ತು.

“ಏನ್ಲಾ ಅಶ್ವಥ, ಹಂದಿ ಕುಯ್ದಂಗೆ ಕಿರುಚ್ತಾವ್ನೆ?”

“ರಾಕ್ ಹಾಡು ಕಣ್ಲಾ ಜಯ. ಹುಚ್ಚು ಹಿಡಿದೋನ ಕತೆ. ತಲೆ ಒಳಗೆ ಯಾರೋ ಮಾತಾಡ್ತಾರಂತೆ.”

“ಅದ್ಕೆ ನೀನು ತಲೆ ಆಡುಸ್ತಿದ್ದೀಯ?”

“ಒಸಿ ಅರ್ಥ ಮಾಡ್ಕೊಳ್ಲಾ. ಹುಚ್ಚು ಅಂದ್ರೆ ಬಿಡುಗಡೆ. ಲೋಕದ ಹಂಗೇ ಇರಕ್ಕಿಲ್ಲ.”

ಜಯಕುಮಾರ್ ಪಕ್ಕಕ್ಕೆ ಉಗಿದ.

“ಥೂ, ನಿನ್ನ ಅರ್ಥಕ್ಕಿಷ್ಟು! ನಮ್ಮಕ್ಕನ್ನ ಬಂದು ನೋಡು. ಅನ್ನಕ್ಕೆ ವಿಷ ಹಾಕವ್ರೆ ಅಂತ ತಟ್ಟೆ ಎಸೀತಾಳೆ. ರೂಮಲ್ಲಿ ಕೂಡಾಕಿ ಚಿಲಕ ಹಾಕಿದ್ದೀವಿ. ಯಾವ ಬಿಡುಗಡೆಲಾ ಅದು?”

ಅಶ್ವಥ್ ಇಯರ್‌ಫೋನ್ ಕಿತ್ತ. “ನಂಗೆ ಗೊತ್ತಿರ್ಲಿಲ್ಲ ಕಣ್ಲಾ. ಡಾಕ್ಟ್ರಿಗೆ ತೋರಿಸ್ದ್ರಾ?”

“ತಂಗಿ ಮದುವೆ ವಯಸ್ಸಿಗೆ ಬಂದವ್ಳೆ. ಊರಿಗೆ ಗೊತ್ತಾದ್ರೆ ಹೆಣ್ಣು ನೋಡಕ್ಕೆ ಯಾರು ಬತ್ತಾರೆ? ಆ ಹಾಡೋನು ಕಿರುಚುದ್ರೆ ಕೂತ್ಕೊಂಡು ಅರ್ಥ ಹುಡುಕ್ತೀರಿ. ನಮ್ಮಕ್ಕ ಕಿರುಚುದ್ರೆ ಅಕ್ಕಪಕ್ಕದೋರು ಬಾಗ್ಲು ಹಾಕ್ಕೋತಾರೆ.”

“ನೀನೇನ್ ಮಾಡ್ತೀಯ?”

“ಟೀವಿ ಜೋರು ಮಾಡ್ತೀನಿ.”

ಅದನ್ನೂ ಅವನು ಉಗಿದಂತೆಯೇ ಹೇಳಿದ. ಆದರೆ ಆಮೇಲೆ ತಲೆ ಎತ್ತಲಿಲ್ಲ. ಅಷ್ಟರಲ್ಲಿ ಬಿಡದಿ ಬಸ್ಸು ಬಂತು.

“ನಾಳೆ ರಜಾ ಹಾಕಾನಾ? ಇಬ್ರೂ ಸೇರಿ ಆಸ್ಪತ್ರೆಗೆ ಕರ್ಕೊಂಡೋಗಾನ,” ಎಂದ ಅಶ್ವಥ್.

“ಮೊದ್ಲು ಬಸ್ ಹತ್ಲಾ, ದೊಡ್ಡ ಮನ್ಸ,” ಎಂದು ಜಯಕುಮಾರ್ ಅವನ ಬೆನ್ನಿಗೆ ಗುದ್ದಿದ.

ಬೇಡ ಎಂದು ಮಾತ್ರ ಅವನು ಹೇಳಲಿಲ್ಲ. ಅದನ್ನು ಮಮತಾ ಗಮನಿಸುವಷ್ಟರಲ್ಲಿ ಬಸ್ಸು ಹೊರಟಿತ್ತು.