ಕಲ್ಲಿನ ಜೊತೆ ಬಿದ್ದವನು

ದೀಪ ಸ್ವಲ್ಪ ಸಣ್ಣದು ಮಾಡಿ, ಹೇಳುತ್ತೇನೆ. ಇದು ಅಂತೆಕಂತೆಯಲ್ಲ, ನಮ್ಮ ಚಿಕ್ಕಮ್ಮನ ಪಕ್ಕದ ಮನೆಯವಳಿಗೇ ಆದದ್ದು. ಬೇಕರಿಯಲ್ಲಿ ಟ್ರೇ ತೊಳೆಯುತ್ತಿದ್ದಳು, ಎಲ್ಲರ ಬಾಯಲ್ಲೂ ಬೇಕರಿ ಅಕ್ಕ. ಗಂಡ ಬಾವಿಗಳ ಹೂಳೆತ್ತುವವನು. ಅವನು ಕೆಳಗಿಳಿದರೆ ಮೇಲೆ ಹಗ್ಗ ಹಿಡಿಯುತ್ತಿದ್ದವನು ಅವನ ಸ್ವಂತ ಅಣ್ಣ. ಒಂದು ದಿನ ಬಾವಿಯೊಳಗಿನ ಕೆಟ್ಟ ಗಾಳಿಗೆ ತಲೆ ತಿರುಗಿ, ಕಾಲಡಿಯ ಕಲ್ಲಿನ ಜೊತೆಗೇ ಬಿದ್ದು ಸತ್ತ.

"ಒಳ್ಳೆಯವರನ್ನ ದೇವರು ಬೇಗ ಕರೆಸ್ಕೋತಾನಮ್ಮ," ಅಂದಿದ್ದ ಹಗ್ಗ ಹಿಡಿದಿದ್ದ ಆ ಭಾವ. ಆ ಒಂದು ಮಾತಿನ ಮೇಲೇ ಅವಳು ದಿನ ದೂಡುತ್ತಿದ್ದಳು. ದೇವರೇ ಹೆಸರು ಹಿಡಿದು ಕರೆದ ಮೇಲೆ ಯಾರನ್ನು ಬೈಯುವುದು?

ಒಂದು ರಾತ್ರಿ ಕೆಲಸ ಮುಗಿಯುವಾಗ ತಡವಾಗಿತ್ತು. ಅದೇ ಬಾವಿಯ ಪಕ್ಕದ ದಾರಿ. ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಆಗ ಕೇಳಿತು... ಕಿರ್ರ್... ಬಾವಿಯ ರಾಟೆ. ಗಾಳಿಯೇ ಇಲ್ಲ! ಹಗ್ಗ ಎರಡು ಸಲ ಜಗ್ಗಿತು. ಟಕ್... ಟಕ್. 'ಮೇಲಕ್ಕೆ ಎಳಿ' ಅನ್ನುವುದಕ್ಕೆ ಅವರ ಕೆಲಸದಲ್ಲಿ ಅದೇ ಸನ್ನೆ. ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ಎಳೆದಳು. ಒಬ್ಬ ಆಳಿನಷ್ಟು ಭಾರ.

"ಮೆಲ್ಲಗೆ ಎಳಿಯೇ..." ಕೆಳಗಿನಿಂದ ದನಿ. ಗಂಡನದೇ.

"ದೇವರ ಹತ್ರ ಚೆನ್ನಾಗಿದ್ದೀರಾ?" ಪಿಸುಗುಟ್ಟಿದಳು. "ಯಾಕಂತೆ ಕರೆಸ್ಕೊಂಡಿದ್ದು?"

"ಕರೀಲೇ ಇಲ್ಲ ಕಣೇ... ನಾನೂ ಕಲ್ಲೂ ಒಟ್ಟಿಗೆ ಹೋದ್ವಿ. ದೇವರು ಎರಡನ್ನೂ ಒಂದೇ ಥರ ನೋಡ್ದ."

"ನೀವೂ ಕಲ್ಲೂ ಒಂದೇನಾ? ನಿಮಗೆ ಜೀವ ಇತ್ತಲ್ರೀ!"

"ನಾನೂ ಅದನ್ನೇ ಅಂದೆ..." ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ತೊಟ್... ತೊಟ್... "'ಜೀವ ಅಂದ್ರೇನು?' ಅಂತ ಕೇಳ್ದ."

ಅವಳ ಹೆದರಿಕೆಯೆಲ್ಲ ಹೋಗಿ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಯಾರಿಗೆ ಕೈಮುಗಿದಿದ್ದಳೋ ಅವನಿಗೆ ಅವಳ ಗಂಡ ಯಾರೆಂದೇ ಗೊತ್ತಿರಲಿಲ್ಲ. ನಂಬಿಸಿ ಕತ್ತು ಕೊಯ್ದಂತಾಯಿತು. ಸರಿ, ಕರೆದವರು ಯಾರೂ ಇಲ್ಲ. ಹಾಗಾದರೆ ಕಳಿಸಿದವರು ಯಾರು?

ಹಗ್ಗ ಪೂರ್ತಿ ಮೇಲೆ ಬಂತು. ಬಕೆಟ್ಟಿನಲ್ಲಿ ಇದ್ದದ್ದು ಮುಷ್ಟಿಯಷ್ಟು ದೊಡ್ಡ ಒಂದು ಕಲ್ಲು, ಅಷ್ಟೇ.

ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಭಾವನ ಬಾಗಿಲು ಬಡಿದಳು. "ಭಾವ, ಇಳಿಯೋ ಮುಂಚೆ ಬಾವಿಗೆ ದೀಪ ಬಿಟ್ಟು ನೋಡ್ತಿದ್ರಲ್ಲ, ಆರಿದ್ರೆ ಕೆಟ್ಟ ಗಾಳಿ ಇದೆ, ಇಳೀಬಾರದು ಅಂತ... ಅವತ್ತು ಬಿಟ್ರಾ?"

ಭಾವ ಬಾಗಿಲು ಹಿಡಿದು ನಿಂತ. "ಅವಸರ ಇತ್ತು ಕಣಮ್ಮ..."

"ಮತ್ತೆ ದೇವರ ತಲೆಗೆ ಯಾಕೆ ಕಟ್ಟಿದ್ರಿ?"

ಅಂದಿನಿಂದ ಅವಳು ದೇವರಿಗೂ ಕೈಮುಗಿಯಲಿಲ್ಲ, ಭಾವನ ಹೊಸ್ತಿಲನ್ನೂ ತುಳಿಯಲಿಲ್ಲ.

ಆ ಕಲ್ಲು ಈಗಲೂ ಅವಳ ಕಿಟಕಿಯಲ್ಲಿದೆ. ನೀವು ನಂಬಿ, ಬಿಡಿ. ಮೈ ನಡುಗುವ ಚಳಿಯಲ್ಲಿ ನಾನೇ ಹೋಗಿ ಮುಟ್ಟಿ ನೋಡಿದ್ದೇನೆ... ಬೆಚ್ಚಗಿತ್ತು.